ವಾನಪ್ರಸ್ಥ

ಹಿಂದೂ ಧರ್ಮಶಾಸ್ತ್ರಗಳು ಹೇಳುವ ನಾಲ್ಕು ಆಶ್ರಮಗಳಲ್ಲಿ ಮೂರನೆಯದು. ಬ್ರಹ್ಮಚರ್ಯ, ಗಾರ್ಹಸ್ಥ್ಯಗಳ ಬಳಿಕ, ಸಂನ್ಯಾಸಕ್ಕೆ ಮೊದಲು ಬರುತ್ತದೆ. ಮನೆಯ ಹೊಣೆಯನ್ನು ಮಕ್ಕಳಿಗೆ ಒಪ್ಪಿಸಿ, ಊರು ಬಿಟ್ಟು, ಒಬ್ಬನೇ ಆಗಲಿ ಹೆಂಡತಿಯೊಡನೆ ಆಗಲಿ ಕಾಡಿನಲ್ಲಿ ನೆಲೆಸಿ, ಹೋಮ, ಅಧ್ಯಯನ, ತಪಸ್ಸುಗಳಲ್ಲಿ ಉಳಿದ ಆಯುಷ್ಯ ಕಳೆಯುವ ಕ್ರಮ ಇದು. ಹಾಗೆ ಬಾಳುವವನನ್ನೂ ವಾನಪ್ರಸ್ಥನೆಂದೇ ಕರೆಯುತ್ತಾರೆ. ಹಳೆಯ ಗ್ರಂಥಗಳಲ್ಲಿ ವೈಖಾನಸ, ತಾಪಸ, ಮುನಿ ಎಂಬ ಹೆಸರುಗಳೂ ಉಂಟು. ರಾಮನದೂ ಪಾಂಡವರದೂ ವನವಾಸ, ವಾನಪ್ರಸ್ಥವಲ್ಲ. ಅವರು ಕೊಟ್ಟ ಮಾತಿಗೆ ಕಟ್ಟುಬಿದ್ದು ಕಾಡಿಗೆ ಹೋದವರು, ಅವಧಿ ಮುಗಿದ ಮೇಲೆ ನಾಡಿಗೆ ಮರಳುವವರು. ವಾನಪ್ರಸ್ಥ ಮರಳುವುದಿಲ್ಲ.

ಸಂನ್ಯಾಸಿ ಎಲ್ಲವನ್ನೂ ಕಳಚುತ್ತಾನೆ. ಗೃಹಸ್ಥ ಎಲ್ಲವನ್ನೂ ಕಟ್ಟಿಕೊಂಡಿರುತ್ತಾನೆ. ವಾನಪ್ರಸ್ಥನ ಬಳಿ ಅಗ್ನಿ ಉಳಿಯುತ್ತದೆ, ಅತಿಥಿಸತ್ಕಾರ ಉಳಿಯುತ್ತದೆ, ಒಪ್ಪಿದರೆ ಹೆಂಡತಿಯೂ ಜೊತೆಗಿರುತ್ತಾಳೆ. ಹೋಗುವುದು ನೇಗಿಲು, ಆಸ್ತಿ ಮತ್ತು ಅಧಿಕಾರ. ಈ ಆಶ್ರಮದ ಸ್ವಾರಸ್ಯವೆಲ್ಲ ಈ ನಡುವಣ ಸ್ಥಿತಿಯಲ್ಲೇ ಇದೆ. ಆಚರಣೆಯಿಂದ ಬಲು ಬೇಗ ಮರೆಯಾದದ್ದಕ್ಕೂ ಅದೇ ಮುಖ್ಯ ಕಾರಣವೆನ್ನಬಹುದು.

ಆಯ್ಕೆ ಹಂತವಾದದ್ದು

ಬ್ರಹ್ಮಚರ್ಯದಿಂದ ಸಂನ್ಯಾಸದವರೆಗೆ ಒಂದಾದ ಮೇಲೊಂದು ಏರುವ ನಾಲ್ಕು ಮೆಟ್ಟಿಲುಗಳು ಎಂಬ ಚಿತ್ರ ನಮಗೆಲ್ಲ ಪರಿಚಿತ. ಆದರೆ ಮೊದಲು ಹಾಗಿರಲಿಲ್ಲ. ಛಾಂದೋಗ್ಯ ಉಪನಿಷತ್ತು ಧರ್ಮದ ಮೂರು ಕವಲುಗಳನ್ನು ಹೇಳುವಾಗ ತಪಸ್ಸನ್ನು ಒಂದು ಕವಲಾಗಿ ಎಣಿಸುತ್ತದೆಯೇ ಹೊರತು ಅದಕ್ಕೆ ವಯಸ್ಸು ಗೊತ್ತುಮಾಡುವುದಿಲ್ಲ. ಗೌತಮ, ಆಪಸ್ತಂಬ, ಬೌಧಾಯನ, ವಸಿಷ್ಠರ ಹೆಸರಿನ ಧರ್ಮಸೂತ್ರಗಳಲ್ಲಿ ಆಶ್ರಮಗಳು ಪರಸ್ಪರ ಪರ್ಯಾಯಗಳು. ಗುರುಕುಲದ ಓದು ಮುಗಿಸಿದ ಯುವಕ ಮದುವೆಯಾಗಬಹುದು, ಭಿಕ್ಷುವಾಗಬಹುದು, ನೇರವಾಗಿ ಕಾಡಿಗೂ ಹೋಗಬಹುದು. ಯಾವುದನ್ನು ಹಿಡಿದರೂ ಅದು ಜೀವನಪರ್ಯಂತ. ಗೌತಮನ ಪಟ್ಟಿಯಲ್ಲಿ ಭಿಕ್ಷು ಮೂರನೆಯವನು, ವೈಖಾನಸ ನಾಲ್ಕನೆಯವನು. ಅನುಕ್ರಮ ಅವನಿಗೆ ಮುಖ್ಯವಾಗಿರಲಿಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ. ಅಲ್ಲದೆ ಗೌತಮ, ಬೌಧಾಯನರಿಬ್ಬರೂ ನಿಜವಾದ ಆಶ್ರಮ ಒಂದೇ, ಅದು ಗಾರ್ಹಸ್ಥ್ಯ ಎಂಬ ಪಕ್ಷವನ್ನು ಎತ್ತಿಹಿಡಿಯುತ್ತಾರೆ. ಈ ವಿಂಗಡಣೆಯನ್ನೆಲ್ಲ ಮಾಡಿದವನು ಪ್ರಹ್ಲಾದನ ಮಗ ಕಪಿಲನೆಂಬ ಅಸುರ, ವಿವೇಕಿ ಅದಕ್ಕೆ ಮನ್ನಣೆ ಕೊಡಬಾರದು ಎಂಬ ಮಾತನ್ನು ಬೌಧಾಯನ ದಾಖಲಿಸಿದ್ದಾನೆ. ಕಾಡಿಗೆ ಹೋಗುವುದರ ಬಗ್ಗೆ ವೈದಿಕ ಸಮಾಜದೊಳಗೇ ಎಂಥ ಜಗಳವಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಕಾಡಿನ ತಪಸ್ವಿಗಳು ಇದ್ದದ್ದಂತೂ ನಿಜ. ಕ್ರಿ.ಪೂ. 300ರ ಸುಮಾರಿಗೆ ಚಂದ್ರಗುಪ್ತ ಮೌರ್ಯನ ಬಳಿಗೆ ಸೆಲ್ಯೂಕಸನ ರಾಯಭಾರಿಯಾಗಿ ಬಂದ ಮೆಗಸ್ತನೀಸ್, ಎಲೆ ಮತ್ತು ಕಾಡುಹಣ್ಣು ತಿಂದು, ಮರದ ನಾರುಮಡಿ ಉಟ್ಟು ಬಾಳುವ ವನವಾಸಿಗಳ ಒಂದು ವರ್ಗವನ್ನು ವರ್ಣಿಸಿದ್ದಾನೆ. ರಾಜರು ದೂತರನ್ನು ಕಳಿಸಿ ಅವರ ಸಲಹೆ ಕೇಳುತ್ತಿದ್ದರಂತೆ. ಬೌದ್ಧರ ವಿನಯಪಿಟಕದಲ್ಲಿ ಉರುವೇಲೆಯ ಕಾಶ್ಯಪ ಸೋದರರಂಥ ಜಟಿಲರು ಬರುತ್ತಾರೆ: ಜಡೆ ಬಿಟ್ಟು ಅಗ್ನಿಯನ್ನು ಪೂಜಿಸುತ್ತಿದ್ದ ತಪಸ್ವಿಗಳು. ಬೇರೆ ಪಂಥದಿಂದ ಸಂಘಕ್ಕೆ ಬರುವವರು ನಾಲ್ಕು ತಿಂಗಳು ಕಾಯಬೇಕೆಂದು ನಿಯಮ ಮಾಡಿದ ಬುದ್ಧ, ಈ ಜಟಿಲರಿಗೆ ಮಾತ್ರ ವಿನಾಯಿತಿ ಕೊಟ್ಟ. ಅವರು ಕರ್ಮವನ್ನು ನಂಬುವವರು ಎಂಬುದು ಕಾರಣ.

ಮುಪ್ಪಿಗೂ ಕಾಡಿಗೂ ಗಂಟು ಬಿದ್ದದ್ದು ನಿಧಾನವಾಗಿ. ಮಿಥಿಲೆಯ ರಾಜ ಮಖಾದೇವನ ಜಾತಕಕಥೆ ಇದರ ಒಂದು ಹಳೆಯ ರೂಪ. ತಲೆಯಲ್ಲಿ ನರೆಗೂದಲು ಕಂಡರೆ ಹೇಳು ಎಂದು ಅವನು ಕ್ಷೌರಿಕನಿಗೆ ಅಪ್ಪಣೆ ಮಾಡಿರುತ್ತಾನೆ. ಒಂದು ದಿನ ಒಂದೇ ಒಂದು ಬಿಳಿಗೂದಲು ಅಂಗೈ ಮೇಲೆ ಬಂದು ಕೂರುತ್ತದೆ. ಮಗನಿಗೆ ರಾಜ್ಯ ಕೊಟ್ಟು ಹೊರಟುಬಿಡುತ್ತಾನೆ. ಕ್ರಿ.ಪೂ. 2ನೇ ಶತಮಾನದ ಭಾರ್ಹುತ್ ಸ್ತೂಪದ ಕಟಾಂಜನದಲ್ಲಿ ಈ ಪ್ರಸಂಗದ ಉಬ್ಬುಚಿತ್ರವಿದೆ, ಜಾತಕದ ಹೆಸರನ್ನೂ ಕಲ್ಲಿನಲ್ಲಿ ಕೊರೆದಿದ್ದಾರೆ. ಸುಕ್ಕು, ನರೆ, ಮಗನ ಮಗ, ಇವು ಕಂಡಾಗ ಗೃಹಸ್ಥ ಕಾಡಿಗೆ ಹೋಗಬೇಕು ಎಂದು ಮನುಸ್ಮೃತಿಯ ಆರನೆಯ ಅಧ್ಯಾಯ ವಿಧಿಸಿದಾಗ, ಜನರ ನಡುವೆ ಆಗಲೇ ಬಳಕೆಯಲ್ಲಿದ್ದ ಕಲ್ಪನೆಯೊಂದು ಶಾಸ್ತ್ರವಾಯಿತು. ನೂರು ವರ್ಷವನ್ನು ಇಪ್ಪತ್ತೈದರಂತೆ ಭಾಗಮಾಡಿ, ಐವತ್ತಕ್ಕೆ ವಾನಪ್ರಸ್ಥ ಎಂದು ಹೇಳುವುದು ರೂಢಿ. ಮನು ಭಾಗಗಳನ್ನು ಹೇಳುತ್ತಾನೆ, ಐವತ್ತು ಎಂಬ ಅಂಕಿಯನ್ನಲ್ಲ. ಅವನ ಲೆಕ್ಕ ಮೈಯನ್ನೂ ಮನೆಯನ್ನೂ ನೋಡಿ ಹಾಕುವ ಲೆಕ್ಕ.

ಅನುಕ್ರಮ ಗಟ್ಟಿಯಾದ ಮೇಲೆ ಅದನ್ನು ವಾದಕ್ಕೂ ಬಳಸಿದರು. ಅಶ್ವಘೋಷನ ಬುದ್ಧಚರಿತೆಯಲ್ಲಿ ಸಿದ್ಧಾರ್ಥ ಮನೆ ಬಿಡಲು ಅನುಮತಿ ಕೇಳಿದಾಗ ಶುದ್ಧೋದನ ಹೇಳುವುದು ಇದನ್ನೇ: ಕಾಡಿಗೆ ಹೋಗುವ ಕಾಲ ಬಂದಿರುವುದು ನನಗೆ, ನಿನಗಲ್ಲ. ಸಾವು, ರೋಗ, ಮುಪ್ಪು, ವಿಪತ್ತು ಈ ನಾಲ್ಕೂ ತನ್ನ ಹತ್ತಿರ ಸುಳಿಯದಂತೆ ಹೊಣೆ ನಿಲ್ಲುವುದಾದರೆ ಉಳಿಯುತ್ತೇನೆ ಎಂದು ಮಗ ಉತ್ತರಿಸುತ್ತಾನೆ. ಆಶ್ರಮಗಳ ಕ್ರಮಕ್ಕೆ ಬೌದ್ಧರು ಒಡ್ಡಿದ ಆಕ್ಷೇಪವೆಲ್ಲ ಆ ಒಂದು ಉತ್ತರದಲ್ಲಿದೆ. ವೈದಿಕರೂ ಈ ವಿಷಯದಲ್ಲಿ ಒಮ್ಮತಕ್ಕೆ ಬರಲಿಲ್ಲ. ಜಾಬಾಲೋಪನಿಷತ್ತು ನಾಲ್ಕು ಹಂತಗಳನ್ನು ಸಾಲಾಗಿ ಹೇಳಿ, ಕೂಡಲೇ, ವೈರಾಗ್ಯ ಹುಟ್ಟಿದ ದಿನವೇ ಯಾವ ಆಶ್ರಮದಿಂದಾದರೂ ಹೊರಡಬಹುದು ಎಂದು ಬಾಗಿಲು ತೆರೆದಿಡುತ್ತದೆ.

ಆರಣ್ಯಕಗಳೆಂಬ ವೈದಿಕ ಗ್ರಂಥಗಳು ವಾನಪ್ರಸ್ಥರಿಗಾಗಿ ಹುಟ್ಟಿದವು ಎಂದು ಪಠ್ಯಪುಸ್ತಕಗಳಲ್ಲಿ ಓದುತ್ತೇವೆ. ವಿಜಯನಗರದ ಆರಂಭದ ಅರಸರ ಆಶ್ರಯದಲ್ಲಿ ವೇದಭಾಷ್ಯಗಳನ್ನು ಬರೆದ ಸಾಯಣ, ತೈತ್ತಿರೀಯ ಆರಣ್ಯಕದ ಭಾಷ್ಯದಲ್ಲಿ, ಕಾಡಿನಲ್ಲಿ ಅಧ್ಯಯನ ಮಾಡತಕ್ಕದ್ದಾದ್ದರಿಂದ ಈ ಹೆಸರು ಎಂದಷ್ಟೇ ವಿವರಿಸುತ್ತಾನೆ. ಊರಿನಲ್ಲಿ ಪಠಿಸಬಾರದ ರಹಸ್ಯಭಾಗಗಳೆಂಬುದು ಹೆಚ್ಚಿನ ವಿದ್ವಾಂಸರ ಈಗಿನ ಅಭಿಪ್ರಾಯ. ಓದುವವರು ಮುದುಕರೇ ಆಗಿರಬೇಕೆಂದಿರಲಿಲ್ಲ.

ಉಳದ ನೆಲದ ಅನ್ನ

ನಿಯಮಗಳ ನಡುವೆ ಎದ್ದು ಕಾಣುವುದು ಆಹಾರದ ವಿಷಯ. ವಾನಪ್ರಸ್ಥ ಉತ್ತ ನೆಲದಲ್ಲಿ ಬೆಳೆದದ್ದನ್ನು ತಿನ್ನುವಂತಿಲ್ಲ, ಯಾರೋ ಬಿಸಾಡಿದ್ದಾದರೂ ಸರಿ. ಗೌತಮನ ಪ್ರಕಾರ ಉತ್ತ ನೆಲವನ್ನು ಅವನು ಮೆಟ್ಟಲೂಬಾರದು, ಊರೊಳಗೆ ಕಾಲಿಡಲೂಬಾರದು. ನೀವಾರವೆಂಬ ಕಾಡುಭತ್ತ, ಸೊಪ್ಪು, ಹೂವು, ಗೆಡ್ಡೆ, ತಾನಾಗಿ ಹಣ್ಣಾದ ಕಾಯಿ, ಇವಿಷ್ಟೇ ಆಹಾರ. ಮನು ಜೇನು, ಮಾಂಸ, ಅಣಬೆಗಳನ್ನು ನಿಷೇಧಿಸುತ್ತಾನೆ. ಬೇಯಿಸಿ ತಿನ್ನುವವರು, ಕಾಲಕ್ಕೆ ಮಾಗಿದ್ದನ್ನು ಮಾತ್ರ ತಿನ್ನುವವರು, ಕಲ್ಲಿನಲ್ಲಿ ಕುಟ್ಟಿಕೊಳ್ಳುವವರು, ಒರಳಿನ ಕೆಲಸವನ್ನೂ ಹಲ್ಲಿಗೇ ವಹಿಸಿದವರು ಎಂದು ಬಗೆಬಗೆಯಾಗಿ ವಿಂಗಡಿಸಿದ್ದಾರೆ. ಬೌಧಾಯನ ಬೇಯಿಸುವವರಲ್ಲಿ ಐದು, ಬೇಯಿಸದವರಲ್ಲಿ ಐದು ಬಗೆ ಎಣಿಸುತ್ತಾನೆ. ಹೆಂಡತಿಯೊಡನೆ ಇರುವವರನ್ನು ವೈಖಾನಸ ಸೂತ್ರ ಔದುಂಬರ, ವೈರಿಂಚ, ವಾಲಖಿಲ್ಯ, ಫೇನಪ ಎಂದು ನಾಲ್ಕಾಗಿ ಹೇಳುತ್ತದೆ.

ಸಂಗ್ರಹಕ್ಕೂ ಮಿತಿಯುಂಟು. ಒಂದು ದಿನಕ್ಕೆ, ಒಂದು ತಿಂಗಳಿಗೆ, ಆರು ತಿಂಗಳಿಗೆ, ಅಬ್ಬಬ್ಬಾ ಎಂದರೆ ಒಂದು ವರ್ಷಕ್ಕೆ ಆಗುವಷ್ಟನ್ನು ಕೂಡಿಡಬಹುದು. ಆಶ್ವಯುಜ ಮಾಸ ಬಂತೆಂದರೆ ಹಿಂದೆ ಕೂಡಿಟ್ಟ ಧಾನ್ಯವನ್ನೂ ಹಳೆಯ ಬಟ್ಟೆಯನ್ನೂ ಎಸೆದುಬಿಡಬೇಕು. ಮಳೆಗಾಲ ಕಳೆದು ಕಾಡಿನಲ್ಲಿ ಹೊಸ ಕಾಳು ಸಿಗುವ ಹೊತ್ತು ಅದು. ಇಲ್ಲಿರುವುದು ಬರಿಯ ಕಠೋರತೆಯಲ್ಲ. ಕೂಡಿಡುವ ಅಭ್ಯಾಸ ಗೃಹಸ್ಥನ ಕೈಗೆ ಎಷ್ಟು ಅಂಟಿಕೊಂಡಿರುತ್ತದೆ ಎಂದು ಬಲ್ಲವರೇ ಇಂಥ ನಿಯಮ ಮಾಡಿಯಾರು.

ಪಂಚಮಹಾಯಜ್ಞಗಳು ನಿಲ್ಲುವುದಿಲ್ಲ. ಆಶ್ರಮಕ್ಕೆ ಬಂದವರಿಗೆ ನೀರು, ಗೆಡ್ಡೆ, ಹಣ್ಣು ಕೊಡಲೇಬೇಕು. ದಿನಕ್ಕೆರಡು ಸ್ನಾನ, ಜಡೆ, ಕತ್ತರಿಸದ ಗಡ್ಡ ಉಗುರು. ಕ್ರಮೇಣ ತಪಸ್ಸು ಬಿಗಿಯಾಗುತ್ತದೆ: ಬೇಸಗೆಯಲ್ಲಿ ಐದು ಬೆಂಕಿಗಳ ನಡುವೆ, ಮಳೆಯಲ್ಲಿ ಬಯಲಿನಲ್ಲಿ, ಚಳಿಯಲ್ಲಿ ಒದ್ದೆಬಟ್ಟೆಯಲ್ಲಿ. ಆಮೇಲೆ ಅಗ್ನಿಗಳನ್ನು ವಿಧಿಪೂರ್ವಕವಾಗಿ ತನ್ನಲ್ಲೇ ಆವಾಹಿಸಿಕೊಂಡು, ಗುಡಿಸಲನ್ನೂ ಬಿಟ್ಟು ಮರದ ಬುಡಕ್ಕೆ ಬರುತ್ತಾನೆ. ವಾಸಿಯಾಗದ ಕಾಯಿಲೆ ಹಿಡಿದರೆ ನೀರು, ಗಾಳಿ ಮಾತ್ರ ಸೇವಿಸುತ್ತ ಈಶಾನ್ಯಕ್ಕೆ ಮುಖಮಾಡಿ ದೇಹ ಬೀಳುವವರೆಗೆ ನಡೆಯುವುದಕ್ಕೂ ಅವಕಾಶವಿತ್ತು. ಇದೇ ಮಹಾಪ್ರಸ್ಥಾನ.

ಇಂಥ ಒಂದು ನೆಲೆ ಕಣ್ಣಿಗೆ ಹೇಗೆ ಕಾಣುತ್ತಿತ್ತು ಎಂಬುದನ್ನು ಶಾಸ್ತ್ರಕಾರರಿಗಿಂತ ಕಾಳಿದಾಸ ಚೆನ್ನಾಗಿ ತೋರಿಸಿದ್ದಾನೆ. ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತ ಯಾರನ್ನೂ ಕೇಳದೆಯೇ ತಪೋವನದ ಅಂಚನ್ನು ಗುರುತಿಸುತ್ತಾನೆ. ಗಿಳಿಗಳಿರುವ ಪೊಟರೆಯಿಂದ ಮರದ ಬುಡಕ್ಕೆ ಉದುರಿದ ನೀವಾರದ ಕಾಳು. ಇಂಗುದಿಯ ಕಾಯಿ ಜಜ್ಜಿ ಜಜ್ಜಿ ಎಣ್ಣೆ ಹಿಡಿದ ಕಲ್ಲು. ಒಗೆದು ತಂದ ನಾರುಮಡಿಯ ಅಂಚಿನಿಂದ ನೀರು ತೊಟ್ಟಿಕ್ಕಿ ದಾರಿಯಲ್ಲಿ ಮೂಡಿದ ಗೆರೆ. ನಾಲ್ಕನೆಯ ಅಂಕದಲ್ಲಿ ಕಣ್ವರು ಮಗಳನ್ನು ಕಳಿಸಿಕೊಡುವಾಗ, ಇಲ್ಲಿಗೆ ಮತ್ತೆ ಯಾವಾಗ ಬರುತ್ತೇನೆ ಎಂಬ ಪ್ರಶ್ನೆಗೆ ಕೊಡುವ ಉತ್ತರವೂ ವಾನಪ್ರಸ್ಥವೇ: ಮಗನಿಗೆ ಪಟ್ಟ ಕಟ್ಟಿದ ಮೇಲೆ, ಗಂಡನ ಜೊತೆ.

ಆಸ್ತಿ

ವಾನಪ್ರಸ್ಥ ಒಂದು ಧಾರ್ಮಿಕ ಆದರ್ಶವಾಗಿದ್ದಂತೆ ಕಾನೂನಿನ ತೊಡಕೂ ಆಗಿತ್ತು. ಆ ತೊಡಕನ್ನು ಬಿಡಿಸಿದ ಮುಖ್ಯ ಗ್ರಂಥ ಕರ್ನಾಟಕದ್ದು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನ ಮಿತಾಕ್ಷರ. ಬ್ರಿಟಿಷರ ಕಾಲದ ನ್ಯಾಯಾಲಯಗಳು ಬಂಗಾಳದ ಕಡೆಯನ್ನು ಬಿಟ್ಟರೆ ಭಾರತದ ಬಹುಭಾಗದಲ್ಲಿ ಹಿಂದೂ ಉತ್ತರಾಧಿಕಾರಕ್ಕೆ ಆಧಾರವಾಗಿ ಹಿಡಿದದ್ದು ಇದನ್ನೇ.

ವಾನಪ್ರಸ್ಥ ಸತ್ತರೆ ಅವನ ಸೊತ್ತು ಯಾರಿಗೆ? ಮಕ್ಕಳಿಗಲ್ಲ, ಅದೇ ಆಶ್ರಮದಲ್ಲಿ ಅವನನ್ನು ಸೋದರನೆಂದು ಒಪ್ಪಿಕೊಂಡ ಸಹವಾಸಿಗೆ. ಹಾಗಾದರೆ ಎಲ್ಲ ಬಿಟ್ಟು ಬಂದವನ ಬಳಿ ಸೊತ್ತು ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ವಿಜ್ಞಾನೇಶ್ವರನೇ ಎತ್ತಿಕೊಳ್ಳುತ್ತಾನೆ. ದಿನಕ್ಕೆ, ತಿಂಗಳಿಗೆ, ವರ್ಷಕ್ಕೆ ಆಗುವಷ್ಟು ಧಾನ್ಯ ಕೂಡಿಡಲು ಸ್ಮೃತಿಯೇ ಒಪ್ಪಿದೆಯಲ್ಲ, ಆದ್ದರಿಂದ ಅವನಿಗೂ ಸೊತ್ತು ಇದೆ ಎಂಬುದು ಅವನ ಸಮಾಧಾನ. ಒಂದು ಗುಡಿಸಲಿನ ಮೂಲೆಯ ಕಾಡುಭತ್ತಕ್ಕೂ ವಾರಸುದಾರನನ್ನು ಗೊತ್ತುಮಾಡಿದ ಆ ಶ್ರದ್ಧೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಬೇರೆ ಆಶ್ರಮಕ್ಕೆ ಹೋದವನಿಗೆ ಮನೆಯ ಆಸ್ತಿಯಲ್ಲಿ ಪಾಲಿಲ್ಲವೆಂದು ವಸಿಷ್ಠ ಮೊದಲೇ ಹೇಳಿದ್ದ. ತಂದೆಗೆ ಹಣದಲ್ಲಿ ಆಸೆ ಹೋಗಿ, ತಾಯಿಗೆ ಹೆರುವ ವಯಸ್ಸು ಕಳೆದಿದ್ದರೆ, ಅವರು ಬದುಕಿರುವಾಗಲೇ ಮಕ್ಕಳು ಪಾಲು ಕೇಳಬಹುದೆಂದು ಮಿತಾಕ್ಷರ ಒಪ್ಪುತ್ತದೆ. ಯಜಮಾನಿಕೆ ಕೈಬದಲಾಗಲು ಸಾವಿಗೆ ಕಾಯಬೇಕಿಲ್ಲ ಎಂಬ ವಾನಪ್ರಸ್ಥದ ತಿರುಳು ಹೀಗೆ ವ್ಯವಹಾರದ ನಿಯಮಗಳಲ್ಲೂ ಸೇರಿಕೊಂಡಿತು.

ಧೃತರಾಷ್ಟ್ರನ ನಿರ್ಗಮನ

ವಾನಪ್ರಸ್ಥದ ಅತ್ಯಂತ ದೀರ್ಘವಾದ, ಅತ್ಯಂತ ಕರುಣಾಜನಕವಾದ ಚಿತ್ರ ಮಹಾಭಾರತದ ಹದಿನೈದನೆಯದಾದ ಆಶ್ರಮವಾಸಿಕ ಪರ್ವದಲ್ಲಿದೆ. ಕುಮಾರವ್ಯಾಸ ಗದಾಪರ್ವದವರೆಗಿನ ಹತ್ತು ಪರ್ವಗಳನ್ನಷ್ಟೇ ಬರೆದದ್ದರಿಂದ ಗಮಕದಲ್ಲಿ ಭಾರತ ಕೇಳಿ ಬೆಳೆದ ಕನ್ನಡಿಗರಿಗೆ ಈ ಭಾಗದ ಪರಿಚಯ ಕಡಿಮೆ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣ ಕವಿ ಪೂರ್ತಿಮಾಡಿದ.

ಯುದ್ಧ ಮುಗಿದು ಹದಿನೈದು ವರ್ಷ ಧೃತರಾಷ್ಟ್ರ ಯುಧಿಷ್ಠಿರನ ಅರಮನೆಯಲ್ಲೇ ಇದ್ದ. ಮರ್ಯಾದೆಗೆ ಕೊರತೆಯಿರಲಿಲ್ಲ. ಆದರೆ ಭೀಮ ಅವನ ಕಿವಿಗೆ ಬೀಳುವಂತೆ ತೋಳು ತಟ್ಟಿ, ಕುರುಡನ ಮಕ್ಕಳನ್ನು ಕೊಂದ ತೋಳುಗಳಿವು ಎನ್ನುತ್ತಿದ್ದ. ಮುದುಕ ಗುಟ್ಟಾಗಿ ಉಪವಾಸ ಹಿಡಿದು ಕೃಶನಾದ. ಕಾಡಿಗೆ ಹೋಗುತ್ತೇನೆ ಎಂದಾಗ ಯುಧಿಷ್ಠಿರ ಒಪ್ಪಲಿಲ್ಲ. ವ್ಯಾಸರೇ ಬಂದು ಒಪ್ಪಿಸಬೇಕಾಯಿತು. ಸತ್ತ ಮಕ್ಕಳ ಶ್ರಾದ್ಧಕ್ಕೆ ಹಣ ಕೇಳಿದಾಗ ಭೀಮ ಮತ್ತೆ ಅಡ್ಡಬಂದ. ಧೃತರಾಷ್ಟ್ರ ಪ್ರಜೆಗಳನ್ನು ಕರೆಸಿ ತನ್ನ ಮಕ್ಕಳ ತಪ್ಪಿಗೆ ಕ್ಷಮೆ ಬೇಡಿ, ಅವರ ಅನುಮತಿ ಪಡೆದ.

ಕಾರ್ತಿಕದ ಹುಣ್ಣಿಮೆಯಂದು ಹೊರಟರು. ಮುಂದೆ ಅಗ್ನಿಹೋತ್ರ, ದಾರಿ ತೋರುತ್ತ ಕುಂತಿ, ಅವಳ ಹೆಗಲ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿದ ಗಾಂಧಾರಿಯ ಕೈ, ಗಾಂಧಾರಿಯ ಹೆಗಲ ಮೇಲೆ ಧೃತರಾಷ್ಟ್ರನ ಕೈ. ಕಳಿಸಿಕೊಟ್ಟು ಮರಳುತ್ತಾಳೆ ಎಂದುಕೊಂಡಿದ್ದ ತಾಯಿ ಮರಳಲಿಲ್ಲ. ನಮ್ಮನ್ನು ಯುದ್ಧಕ್ಕೆ ಹುರಿದುಂಬಿಸಿದವಳು ಗೆದ್ದ ಮೇಲೆ ಬಿಟ್ಟುಹೋಗುವುದೇ ಎಂದು ಮಕ್ಕಳು ಅತ್ತರು. ನೀವು ಹಾಳಾಗಬಾರದೆಂದು ಹಾಗೆ ಮಾಡಿದೆ, ಮಕ್ಕಳು ಗೆದ್ದ ರಾಜ್ಯದ ಸುಖ ನನಗೆ ಬೇಡ ಎಂದಳು ಕುಂತಿ. ಕಾಡಿಗೆ ಹೋಗಲು ಶಾಸ್ತ್ರ ಕೇಳುವ ಯೋಗ್ಯತೆ ಆ ಗುಂಪಿನಲ್ಲಿ ಪೂರ್ತಿಯಾಗಿದ್ದದ್ದು ಅವಳಿಗೆ. ಧೃತರಾಷ್ಟ್ರನನ್ನು ಅವಮಾನ ದೂಡಿತು. ಅವಳನ್ನು ಯಾರೂ ದೂಡಲಿಲ್ಲ.

ಕುರುಕ್ಷೇತ್ರದಲ್ಲಿ ಕೇಕಯದ ರಾಜರ್ಷಿ ಶತಯೂಪನ ಆಶ್ರಮದ ಬಳಿ ಅವರ ತಪಸ್ಸು ಸಾಗಿತು. ವಿದುರ ಅಲ್ಲಿ ಯೋಗದಿಂದ ದೇಹ ಬಿಟ್ಟ. ಮೂರನೆಯ ವರ್ಷ ಗಂಗಾದ್ವಾರದ ಸಮೀಪ ಕಾಳ್ಗಿಚ್ಚು ಹತ್ತಿ ಧೃತರಾಷ್ಟ್ರ, ಗಾಂಧಾರಿ, ಕುಂತಿ ಮೂವರೂ ಕುಳಿತಲ್ಲೇ ಸುಟ್ಟುಹೋದರು. ಸಂಜಯ ಹಿಮಾಲಯಕ್ಕೆ ಹೋದ. ಆ ಬೆಂಕಿ ಎಲ್ಲಿಯದೋ ಅಲ್ಲ, ಯಾಜಕರು ಕಾಡಿನಲ್ಲಿ ಬಿಟ್ಟುಬಂದ ಧೃತರಾಷ್ಟ್ರನದೇ ಯಜ್ಞಾಗ್ನಿ ಹಬ್ಬಿದ್ದು ಎಂದು ನಾರದ ಯುಧಿಷ್ಠಿರನನ್ನು ಸಂತೈಸುತ್ತಾನೆ.

ಮಹಾಭಾರತದಲ್ಲಿ ಹೀಗೆ ಹೊರಟ ಹೆಂಗಸರು ಇನ್ನೂ ಇದ್ದಾರೆ. ಪಾಂಡು ಸತ್ತ ಮೇಲೆ ವ್ಯಾಸರ ಮಾತು ಕೇಳಿ ಸತ್ಯವತಿ ಇಬ್ಬರು ಸೊಸೆಯರಾದ ಅಂಬಿಕೆ, ಅಂಬಾಲಿಕೆಯರನ್ನು ಕರೆದುಕೊಂಡು ಕಾಡಿಗೆ ಹೋದಳು. ಕೃಷ್ಣನ ನಿರ್ಯಾಣದ ಬಳಿಕ ಸತ್ಯಭಾಮೆ ಹೋದಳು. ಸ್ಮೃತಿಗಳ ಪ್ರಕಾರ ಹೆಂಡತಿಗೆ ಇರುವುದು ಎರಡೇ ದಾರಿ, ಗಂಡನ ಹಿಂದೆ ಹೋಗುವುದು ಅಥವಾ ಮಕ್ಕಳ ಬಳಿ ಉಳಿಯುವುದು. ಕಾವ್ಯ ಆ ಮಿತಿಗೆ ಒಳಗಾಗಲಿಲ್ಲ. ವರ್ಣದ ವಿಷಯದಲ್ಲೂ ಅಷ್ಟೇ. ಧರ್ಮಶಾಸ್ತ್ರಕ್ಕೆ ವಾನಪ್ರಸ್ಥ ದ್ವಿಜರದು. ಆದರೆ ವಾಲ್ಮೀಕಿ ರಾಮಾಯಣದಲ್ಲಿ ದಶರಥನ ಬಾಣಕ್ಕೆ ಸತ್ತ ಮುನಿಕುಮಾರ ತನ್ನ ತಾಯಿ ಶೂದ್ರಳು, ತಂದೆ ವೈಶ್ಯ ಎನ್ನುತ್ತಾನೆ. ಆ ಕುರುಡ ದಂಪತಿ ಕಾಡಿನಲ್ಲೇ ತಪಸ್ಸಿನಲ್ಲಿದ್ದವರು. ಅದೇ ರಾಮಾಯಣದ ಉತ್ತರಕಾಂಡದಲ್ಲಿ ತಪಸ್ಸು ಮಾಡಿದ ತಪ್ಪಿಗೆ ಶಂಬೂಕನ ತಲೆ ಹೋಗುತ್ತದೆ. ಈ ಅನ್ಯಾಯವನ್ನು ಕನ್ನಡದಲ್ಲಿ ನೇರವಾಗಿ ಎದುರಿಸಿದ ಕೃತಿ ಕುವೆಂಪು ಅವರ ‘ಶೂದ್ರ ತಪಸ್ವಿ’ ನಾಟಕ (1944).

ಮರೆಯಾದ ಬಗೆ

ಬೃಹನ್ನಾರದೀಯ ಪುರಾಣ ಕಲಿಯುಗದಲ್ಲಿ ಮಾಡಬಾರದವುಗಳ ಪಟ್ಟಿ ಕೊಡುತ್ತದೆ. ಸಮುದ್ರಯಾನ, ಮಹಾಪ್ರಸ್ಥಾನಗಳ ಜೊತೆಗೆ ವಾನಪ್ರಸ್ಥಾಶ್ರಮವೂ ಅದರಲ್ಲಿ ಸೇರಿದೆ. ನಿಷೇಧ ಬರುವ ಹೊತ್ತಿಗೆ ಆಚರಣೆ ಆಗಲೇ ಬತ್ತಿತ್ತೆಂದು ತೋರುತ್ತದೆ. ಆಶ್ರಮಗಳ ಇತಿಹಾಸವನ್ನು ವಿಸ್ತಾರವಾಗಿ ಬರೆದ ಪ್ಯಾಟ್ರಿಕ್ ಒಲಿವೆಲ್, ಕಾಡಿನ ತಪಸ್ವಿ ಕ್ರಿಸ್ತಶಕದ ಮೊದಲ ಶತಮಾನಗಳಲ್ಲೇ ಬದುಕಿನಿಂದ ಮರೆಯಾಗಿ ಸಾಹಿತ್ಯದಲ್ಲಿ ಉಳಿದ ಎಂದು ವಾದಿಸಿದ್ದಾರೆ. ವೈಖಾನಸ ಎಂಬ ಹೆಸರು ಇಂದು ತಿರುಮಲೆಯಂಥ ದೇವಾಲಯಗಳಲ್ಲಿ ಪೂಜೆ ಮಾಡುವ ಸಂಸಾರಸ್ಥ ಅರ್ಚಕರಿಗೆ ಸಲ್ಲುತ್ತದೆ.

ಎರಡು ಕಡೆಯಿಂದ ಒತ್ತಡ ಬಿತ್ತು. ಸಂನ್ಯಾಸ ಕಾಡಿನ ತಪಸ್ಸನ್ನು ನುಂಗಿತು. ಬ್ರಹ್ಮಚರ್ಯದಿಂದಲೇ ನೇರ ಸಂನ್ಯಾಸಕ್ಕೆ ಹೋಗುವುದು ಶ್ರೇಷ್ಠವೆಂಬ ಭಾವನೆ ಬಲಿಯಿತು. ಶೃಂಗೇರಿ ಪೀಠಕ್ಕೆ ಬ್ರಹ್ಮಚಾರಿಗಳೇ ಬರುತ್ತಾರೆ. ಉಡುಪಿಯ ಅಷ್ಟಮಠಗಳಲ್ಲಿ ಬಾಲಸಂನ್ಯಾಸ ನಡೆದುಬಂದಿದೆ. ಇನ್ನೊಂದು ಕಡೆ ಭಕ್ತಿಪಂಥಗಳು ಮನೆಯಲ್ಲಿದ್ದೇ ಮುಕ್ತಿ ಸಾಧ್ಯವೆಂದು ಸಾರಿದವು. ಕಾಯಕ ದಾಸೋಹಗಳನ್ನು ಹಿಡಿದ ಹನ್ನೆರಡನೆಯ ಶತಮಾನದ ಶರಣರಿಗೆ ಆಶ್ರಮಗಳ ಏಣಿ ಬೇಕಾಗಲಿಲ್ಲ. ಜೈನರಲ್ಲಿ ಹೊಣೆ ಕಳಚುವ ದಾರಿ ಬೇರೆಯಿತ್ತು. ಗಂಗ ದೊರೆ ಎರಡನೆಯ ಮಾರಸಿಂಹ ರಾಜ್ಯ ಬಿಟ್ಟು ಬಂಕಾಪುರದಲ್ಲಿ ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನದಿಂದ ಮಡಿದದ್ದನ್ನು (974–75) ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನ ಹೇಳುತ್ತದೆ. ರಾಷ್ಟ್ರಕೂಟರ ನಾಲ್ಕನೆಯ ಇಂದ್ರ 982ರಲ್ಲಿ ಬೆಳಗೊಳದಲ್ಲೇ ಹಾಗೆ ಕೊನೆಗಂಡ.

ಕಾಡಿಲ್ಲದ ವಾನಪ್ರಸ್ಥದ ಮಾದರಿಯನ್ನು ಕಾಳಿದಾಸ ಆಗಲೇ ಕೊಟ್ಟಿದ್ದ. ರಘುವಂಶದ ಎಂಟನೆಯ ಸರ್ಗದಲ್ಲಿ ರಘು ಮಗ ಅಜನಿಗೆ ಪಟ್ಟ ಕಟ್ಟಿ ಹೊರಟಾಗ ಮಗ ಕಾಲಿಗೆ ಬಿದ್ದು ಬೇಡುತ್ತಾನೆ. ತಂದೆ ಉಳಿಯುತ್ತಾನೆ, ಊರ ಹೊರಗೆ. ಬಿಟ್ಟ ಸಿರಿಯನ್ನು ಮತ್ತೆ ಮುಟ್ಟುವುದಿಲ್ಲ.

ಹೊಸ ಕಾಲ

ಹತ್ತೊಂಬತ್ತನೆಯ ಶತಮಾನದಲ್ಲಿ ಇದಕ್ಕೆ ಮತ್ತೆ ಜೀವ ಕೊಡಲು ಯತ್ನಿಸಿದವರು ಸ್ವಾಮಿ ದಯಾನಂದ ಸರಸ್ವತಿ. ಸತ್ಯಾರ್ಥಪ್ರಕಾಶದ ಐದನೆಯ ಸಮುಲ್ಲಾಸ ವಾನಪ್ರಸ್ಥ, ಸಂನ್ಯಾಸಗಳನ್ನು ಕುರಿತದ್ದು. ಸಂಸ್ಕಾರವಿಧಿಯಲ್ಲಿ ವಾನಪ್ರಸ್ಥಕ್ಕೆ ಪ್ರತ್ಯೇಕ ಸಂಸ್ಕಾರವಿದೆ. ಹರಿದ್ವಾರದ ಪಕ್ಕದ ಜ್ವಾಲಾಪುರದಲ್ಲಿ ಆರ್ಯಸಮಾಜದ ವಾನಪ್ರಸ್ಥ ಆಶ್ರಮ ಈ ಚಿಂತನೆಯ ಫಲ. ರಾಜಕಾರಣಿಗಳು ಅರವತ್ತಕ್ಕೆ ಅಧಿಕಾರ ಬಿಡಬೇಕೆಂದು ವಾದಿಸಿದ ನಾನಾಜಿ ದೇಶಮುಖ್ ತಾವೇ ಹಾಗೆ ಬಿಟ್ಟು, ಮುಂದೆ ಚಿತ್ರಕೂಟದ ಹಳ್ಳಿಗಳ ಕೆಲಸಕ್ಕೆ ನಿಂತರು. ಕನ್ನಡ ಕಾದಂಬರಿಯಲ್ಲಿ ಈ ತೊಳಲಾಟದ ಗಟ್ಟಿ ಪಾತ್ರ ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ದ (1965) ಶ್ರೀನಿವಾಸ ಶ್ರೋತ್ರಿಗಳು. ಆಸ್ತಿಯೇ ತಮ್ಮದಲ್ಲವೆಂದು ತಿಳಿದ ಮೇಲೆ ಅವರು ಮನೆ ಬಿಡುತ್ತಾರೆ.

ಕರ್ನಾಟಕದ ವೈದಿಕ ಮನೆಗಳಲ್ಲಿ ಈಗ ಅರವತ್ತಕ್ಕೆ ಷಷ್ಟ್ಯಬ್ದಪೂರ್ತಿ, ಎಪ್ಪತ್ತಕ್ಕೆ ಭೀಮರಥ ಶಾಂತಿ, ಎಂಬತ್ತು ದಾಟಿದವರಿಗೆ ಸಹಸ್ರಚಂದ್ರದರ್ಶನ ನಡೆಯುತ್ತವೆ. ಮನೆ ಬಿಡಬೇಕಿದ್ದ ವಯಸ್ಸಿನಲ್ಲಿ ಮಕ್ಕಳು ಮೊಮ್ಮಕ್ಕಳ ನಡುವೆ ದಂಪತಿಯನ್ನು ಕೂರಿಸಿ, ಕೆಲವೆಡೆ ಮತ್ತೆ ಮಾಂಗಲ್ಯಧಾರಣೆ ಮಾಡಿಸಿ, ಆಶೀರ್ವಾದ ಪಡೆಯುತ್ತಾರೆ. ಬದುಕಿರುವಾಗಲೇ ಆಸ್ತಿ ಒಪ್ಪಿಸುವ ರೂಢಿ ಮಾತ್ರ ಉಳಿದಿದೆ, ಅದರ ಜೊತೆಗೆ ಅಪಾಯವೂ. ಹಳೆಯ ವಾನಪ್ರಸ್ಥ ಕೊಟ್ಟ ಮೇಲೆ ಮಕ್ಕಳ ಅನ್ನಕ್ಕೆ ಕೈಯೊಡ್ಡುತ್ತಿರಲಿಲ್ಲ. ಕಾಡು ಅವನನ್ನು ಸಾಕುತ್ತಿತ್ತು. ಇಂದಿನವರು ಮಕ್ಕಳನ್ನೇ ನೆಚ್ಚಬೇಕು. 2007ರ ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ 23ನೇ ಕಲಮು, ನೋಡಿಕೊಳ್ಳುವ ಷರತ್ತಿನ ಮೇಲೆ ಹಿರಿಯರು ಬರೆದುಕೊಟ್ಟ ಆಸ್ತಿಯನ್ನು, ಆ ಷರತ್ತು ಮುರಿದರೆ, ನ್ಯಾಯಮಂಡಳಿಯ ಮೂಲಕ ರದ್ದುಪಡಿಸಿಕೊಳ್ಳಲು ಅವಕಾಶ ಕೊಟ್ಟಿದೆ.